ಹೆಸರು, ಬಣ್ಣ ಇಲ್ಲೇ ಇರಲಿ

“ಹೇಳಲಾರದ ಕೇಳಲಾರದ ಹೊಂಟ್ರ ಹೆಂಗ? ಐವತ್ತು ವರ್ಷ ತಲಿ ಮ್ಯಾಲೆ ಹೊತ್ಕೊಂಡು ಮೆರೆಸಿದ ಊರದು.”

ರೊಟ್ಟಿಯ ಚೂರನ್ನು ಎಣ್ಣೆಗಾಯಿಯಲ್ಲಿ ಅದ್ದಿ ಹಿಡಿದ ನಿಜಗುಣ ಅದನ್ನು ಬಾಯಿಗಿಡುವುದನ್ನೇ ಮರೆತು ಟೀವಿಯನ್ನು ತರಾಟೆಗೆ ತೆಗೆದುಕೊಂಡಿದ್ದ. ಟೀವಿಯಲ್ಲಿ ಬಾಲ್ಟಿಮೋರ್ ಊರಿನ ಒಂದು ವೇದಿಕೆ. ಸೂಟು ತೊಟ್ಟ ದೊಡ್ಡ ಮನುಷ್ಯರು ಒಬ್ಬರ ಕೈ ಒಬ್ಬರು ಕುಲುಕುತ್ತಿದ್ದರು. ಕ್ಲೀವ್‌ಲೆಂಡಿನ ಬ್ರೌನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡವನ್ನು ಅದರ ಯಜಮಾನ ಬರುವ ವರ್ಷ ಬಾಲ್ಟಿಮೋರಿಗೆ ಎತ್ತಿಕೊಂಡು ಹೋಗುತ್ತಾನಂತೆ. ತೊಂಬತ್ತೈದನೆಯ ಇಸವಿಯ ನವೆಂಬರಿನ ಮೊದಲ ಸೋಮವಾರ ಹಾಗೆಂದು ಜಗತ್ತಿಗೆಲ್ಲ ಸಾರಿದ್ದ.

“ಮೊದಲು ಆ ತುತ್ತು ನುಂಗ್ರಿ,” ಎಂದಳು ಹೆಂಡತಿ ಗಿರಿಜಾ. “ಎಣ್ಣಿ ಸೋರಾಕತ್ತೈತಿ. ಕಾರ್ಪೆಟ್ಟು ಬಾಡಿಗಿ ಮನೀದು.”

“ನಿನಗ ಕಾರ್ಪೆಟ್ಟಿನ ಚಿಂತಿ. ಅಲ್ಲಿ ಊರಿಗೆ ಊರೇ ಅಳಾಕತ್ತೈತಿ.”

“ಇಟ್ಸ್ ಜಸ್ಟ್ ಎ ಟೀಮ್, ಅಪ್ಪಾ,” ಎಂದಳು ಮಗಳು ಅಕ್ಷರಾ, ತಟ್ಟೆಯಿಂದ ತಲೆ ಎತ್ತದೆ. ಹನ್ನೆರಡರ ಹುಡುಗಿ. ಕನ್ನಡ ಎಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

ಹುಬ್ಬಳ್ಳಿಯವನಿಗೆ ಈ ಆಟದ ಹುಚ್ಚು ಎಲ್ಲಿಂದ ಹತ್ತಿತು ಎಂದು ಕೇಳಿದರೆ, ಟ್ರಕ್ಕಿನಿಂದ. ವಾರಕ್ಕೆ ಎರಡು ಸಲ ಕೆನಡಾದ ಬ್ರ್ಯಾಂಪ್ಟನ್ನಿನ ಗೋದಾಮಿನಲ್ಲಿ ಕಾರಿನ ಬಿಡಿಭಾಗ ತುಂಬಿಕೊಂಡು, ಬಫೆಲೋದ ಸೇತುವೆಯಲ್ಲಿ ಅಮೆರಿಕದ ಗಡಿ ದಾಟಿ, ಈರಿ ಸರೋವರದ ದಂಡೆ ಹಿಡಿದು ಕ್ಲೀವ್‌ಲೆಂಡಿಗೆ ಹೋಗುವುದು ಅವನ ಕೆಲಸ. ದಾರಿಯುದ್ದಕ್ಕೂ ರೇಡಿಯೋ. ಚೆಂಡು ಅಪ್ಪಿಕೊಂಡು ಓಡುವವನನ್ನು ಐದಾರು ಮಂದಿ ಸೇರಿ ಕೆಡವಿದರೆ ಅದಕ್ಕೇಕೆ ಚಪ್ಪಾಳೆ ಎಂಬುದು ತಿಳಿಯುವುದಕ್ಕೇ ಅವನಿಗೆ ಎರಡು ವರ್ಷ ಬೇಕಾಯಿತು. ಆದರೆ ಆಟ ತಿಳಿಯುವ ಮೊದಲೇ ಆ ಜನ ಹಿಡಿಸಿಬಿಟ್ಟಿದ್ದರು. ಮೈದಾನದ ಒಂದು ತುದಿಯ ಅಗ್ಗದ ಬೆಂಚುಗಳ ಮೇಲೆ ನಾಯಿಯ ಮುಖವಾಡ ಹಾಕಿಕೊಂಡು ಸರೋವರದ ಕೊರೆಯುವ ಗಾಳಿಯಲ್ಲಿ ಕೂತು ಬೊಗಳುತ್ತಿದ್ದರಂತೆ. ತಂಡ ಸೋತರೂ ಬೊಗಳುವುದೇ, ಗೆದ್ದರೂ ಬೊಗಳುವುದೇ. ಬೇರೆ ತಂಡದವರ ಹೆಲ್ಮೆಟ್ಟಿನ ಮೇಲೆ ಕುದುರೆ, ಹದ್ದು, ಏನೇನೋ ಚಿತ್ರ ಇದ್ದರೆ ಇವರದರ ಮೇಲೆ ಏನೂ ಇಲ್ಲ, ಬರೀ ಕಿತ್ತಳೆ ಬಣ್ಣ. ಕಂದು ಮತ್ತು ಕಿತ್ತಳೆಯ ಒಂದು ಉಣ್ಣೆಯ ಟೋಪಿಯನ್ನು ಅವನೂ ಕೊಂಡು ತಂದಿದ್ದ. ಅದನ್ನು ತೆಗೆಯುತ್ತಿದ್ದುದು ಸ್ನಾನಕ್ಕೆ ಮಾತ್ರ.

ಇರಲಿ. ಆದರೆ ‘ಹೇಳಲಾರದ ಕೇಳಲಾರದ ಹೊಂಟ್ರ ಹೆಂಗ’ ಎಂದು ಗುಡುಗಿದ ಈ ಮಹಾನುಭಾವ ಯಾರೆಂದು ಸ್ವಲ್ಪ ನೋಡಬೇಕು. ಎಂಬತ್ತೇಳರಲ್ಲಿ ಕೆನಡಾಕ್ಕೆ ಬಂದು ಟೊರಾಂಟೋ ಮಗ್ಗುಲಿನ ಎಟೋಬಿಕೋಕಿನ ಒಂದು ಬೇಸ್‌ಮೆಂಟಿನಲ್ಲಿ ಸಂಸಾರ ಹೂಡಿದವನು, ಏಳು ವರ್ಷದಲ್ಲಿ ಎಂಟು ಮನೆ ಕಂಡಿದ್ದ. ಮೇ ತಿಂಗಳು ಬಂತೆಂದರೆ ಅಂಗಾಲು ತುರಿಸುತ್ತಿತ್ತು. ಒಂದು ಮನೆಯಲ್ಲಿ ತೇವ, ಒಂದಕ್ಕೆ ಬಿಸಿಲು ಜಾಸ್ತಿ, ಒಂದರ ಪಕ್ಕದವನ ನಾಯಿ ಇವನನ್ನು ಕಂಡರೆ ಬೊಗಳುತ್ತದೆ. ಬೊಗಳುವುದನ್ನು ಕೇಳಲು ಐದು ತಾಸು ಟ್ರಕ್ಕು ಓಡಿಸುವವನಿಗೆ ಇದೊಂದು ನೆಪ. ಕೊನೆಗೆ ಯಾವ ಕಾರಣವೂ ಸಿಗದಿದ್ದರೆ, “ಈ ಮನಿ ನಮಗ ಆಗಿಬರಂಗಿಲ್ಲ,” ಎಂದುಬಿಟ್ಟರೆ ಮುಗಿಯಿತು, ಅದಕ್ಕೆ ಎದುರುತ್ತರವಿಲ್ಲ. ಎಟೋಬಿಕೋಕಿನಿಂದ ಹೊರಟಾಗ ಕಟ್ಟಿದ ನಾಲ್ಕು ರಟ್ಟಿನ ಡಬ್ಬಿಗಳನ್ನು ಮುಂದೆ ಯಾವ ಮನೆಯಲ್ಲೂ ಬಿಚ್ಚಿರಲಿಲ್ಲ. ಹೇಗೂ ಮತ್ತೆ ಕಟ್ಟಬೇಕಲ್ಲ.

ಹೊಸ ಮನೆಗೆ ಹೋದ ಪ್ರತಿ ಸಲವೂ ಗಿರಿಜಾ ಎಲ್ಲಕ್ಕಿಂತ ಮೊದಲು ಹಾಲು ಉಕ್ಕಿಸುತ್ತಿದ್ದಳು. ತವರಿನಿಂದ ತಂದ ಹಿತ್ತಾಳೆಯ ಬೋಗುಣಿಗೆ ಅರಿಶಿನ ಕುಂಕುಮ ಹಚ್ಚಿ, ಒಲೆಯ ಮೇಲಿಟ್ಟು, ಹಾಲು ಅಂಚು ದಾಟಿ ಸುರಿಯುವವರೆಗೂ ಕೈಮುಗಿದು ನಿಲ್ಲಬೇಕು. ಹಾಲು ಕರೆಂಟಿನ ಒಲೆಯ ಕಾದ ಸುರುಳಿಯ ಮೇಲೆ ಬಿದ್ದದ್ದೇ ಹೊಗೆ ಏಳುತ್ತಿತ್ತು, ಹೊಗೆ ಎದ್ದದ್ದೇ ಛಾವಣಿಯ ಅಲಾರ್ಮು ಚೀರುತ್ತಿತ್ತು. ಆಗ ಅಕ್ಷರಾ ಕುರ್ಚಿ ಎಳೆದು ಹತ್ತಿ ಅಲಾರ್ಮಿನ ಕೆಳಗೆ ಟವೆಲ್ಲು ಬೀಸಬೇಕು. ನಾಲ್ಕು ವರ್ಷದವಳಿದ್ದಾಗ ಅಮ್ಮ ಎತ್ತಿ ಹಿಡಿದು ಬೀಸಿಸಿದ್ದು, ಅಂದಿನಿಂದ ಅದು ಅವಳದೇ ಕೆಲಸ. ಅಲಾರ್ಮು ಸುಮ್ಮನಾದ ಮೇಲೆ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಅವಳನ್ನು ಒರಗಿಸಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ತಾರೀಕು ಬರೆಯುವರು. ಮರುವರ್ಷದ ಗೆರೆ ಬೇರೆ ಮನೆಯಲ್ಲಿ. ಹೀಗಾಗಿ ಹುಡುಗಿ ಎಷ್ಟು ಬೆಳೆದಳೆಂದು ಹೇಳುವ ಬಾಗಿಲು ಟೊರಾಂಟೋದ ಸುತ್ತಮುತ್ತ ಎಲ್ಲೂ ಇರಲಿಲ್ಲ.

ಬ್ರ್ಯಾಂಪ್ಟನ್ನಿನ ಈ ಮನೆಯೊಂದರಲ್ಲಿ ಮಾತ್ರ ಎರಡು ಗೆರೆ ಇದ್ದವು. ಅದೂ ಇವನ ದಯೆಯಿಂದಲ್ಲ. ಬಂದ ವರ್ಷವೇ ಚಳಿಗಾಲದ ಕೊನೆಗೆ ಬಫೆಲೋದ ಹಿಮದಲ್ಲಿ ಜಾರಿಬಿದ್ದು ಸೊಂಟ ಹಿಡಿದು ನಾಲ್ಕು ತಿಂಗಳು ಮಲಗಿದ್ದ. ಮೇ ತಿಂಗಳು ಅವನು ಮಗ್ಗುಲು ಬದಲಿಸುವುದರೊಳಗೆ ದಾಟಿಹೋಗಿತ್ತು. ಆ ಎರಡನೆಯ ಗೆರೆ ಎಳೆದ ದಿನ ಅಕ್ಷರಾ ಎರಡೂ ಗೆರೆಗಳ ನಡುವೆ ಅಡ್ಡ ಬೆರಳಿಟ್ಟು ನಾಲ್ಕು ಸಲ ಅಳೆದಿದ್ದಳು. ಆಮೇಲೆ ಗೆಳತಿಯನ್ನು ಕರೆತಂದು ತನ್ನ ಕೋಣೆಯ ಒಂದು ಗೋಡೆಗೆ ನೇರಳೆ ಬಣ್ಣ ಬಳಿದಳು. ಹಾಸಿಗೆಯಲ್ಲಿದ್ದ ನಿಜಗುಣನಿಗೆ ಬಣ್ಣದ ವಾಸನೆ ಬಂತು, ಎದ್ದು ನೋಡಲು ಆಗಲಿಲ್ಲ.

ಡಿಸೆಂಬರಿನಲ್ಲಿ, ಬ್ರೌನ್ಸ್ ತಂಡ ತನ್ನೂರಿನಲ್ಲಿ ಕೊನೆಯ ಆಟ ಆಡಿದ ಭಾನುವಾರ, ನಿಜಗುಣ ಕ್ಲೀವ್‌ಲೆಂಡಿನಲ್ಲೇ ಇದ್ದ. ಟ್ರಕ್ಕು ನಿಲ್ಲಿಸಿ ಸರೋವರದ ಕಡೆ ನಡೆದುಕೊಂಡು ಹೋಗಿ ಮೈದಾನದ ಹೊರಗೆ ನಿಂತ. ತಂಡ ಗೆದ್ದಿತು. ಗೆದ್ದರೂ ಒಳಗಿಂದ ಗರಗಸದ ಸದ್ದು. ಆಟ ಮುಗಿಯುವ ಮುಂಚೆಯೇ ಜನ ಬೆಂಚುಗಳನ್ನು ಕೊಯ್ದು, ಕಿತ್ತು ಮೈದಾನಕ್ಕೆ ಎಸೆಯುತ್ತಿದ್ದರಂತೆ, ಕೆಲವರು ಹೆಗಲ ಮೇಲೆ ಹೊತ್ತು ಮನೆಗೆ ಒಯ್ಯುತ್ತಿದ್ದರು. ನಾಯಿಯ ಮುಖವಾಡವನ್ನು ಹಣೆಗೆ ಏರಿಸಿಕೊಂಡ ಒಬ್ಬ ದಪ್ಪನೆಯ ಮುದುಕ ರಸ್ತೆಯ ಅಂಚಿನಲ್ಲಿ ಕೂತು, ಮುರಿದ ಹಲಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದ. ನಿಜಗುಣನಿಗೂ ಅಳು ಬಂತು. ಟ್ರಕ್ಕಿಗೆ ಬಂದು ಬಾಗಿಲು ಹಾಕಿಕೊಂಡು ಮನಸಾರೆ ಅತ್ತ. ಬಿಟ್ಟುಹೋಗುವವರಿಗೆ ಹೊಟ್ಟೆಯಲ್ಲಿ ಕರುಳೇ ಇರುವುದಿಲ್ಲ ಎನಿಸಿತು.

ಇಷ್ಟೆಲ್ಲ ಅತ್ತವನು, ಜನವರಿಯಲ್ಲಿ, ಜೊತೆಗಾರ ಡ್ರೈವರ್ ಉಮಾಶಂಕರ ಸುಮ್ಮನೆ ಬಾಯಿಮಾತಿಗೆ “ಪಿಕರಿಂಗಿನ್ಯಾಗ ನಮ್ಮ ಪರಿಚಯದವ್ರ ಮನಿ ಖಾಲಿ ಐತಿ, ಕಿಟಕ್ಯಾಗ ನಿಂತ್ರ ಕೆರಿ ಕಾಣ್ತೈತಿ,” ಎಂದದ್ದೇ ತಡ, ಹೋಗಿ ನೋಡಿ ರುಜು ಹಾಕಿ ಬಂದ. ಪಿಕರಿಂಗಿನಿಂದ ಅವನ ಗೋದಾಮಿಗೆ ಬರಲು ಇಡೀ ಟೊರಾಂಟೋ ದಾಟಬೇಕು. ಗಿರಿಜಾಳ ಬೇಕರಿ ಕಾರ್ಖಾನೆ ಇರುವುದು ಬ್ರ್ಯಾಂಪ್ಟನ್ನಿನಲ್ಲಿ. ಅಕ್ಷರಾಳಿಗೆ ಅದು ಆರನೆಯ ಶಾಲೆ. ಇದೆಲ್ಲ ಗೊತ್ತಿದ್ದುದರಿಂದಲೇ ಮನೆಯಲ್ಲಿ ಬಾಯಿ ಬಿಡಲಿಲ್ಲ. ನಾಳೆ ಹೇಳಿದರಾಯಿತು ಎಂದು ಮೂರು ವಾರ ಕಳೆದ.

ಫೆಬ್ರವರಿಯ ಒಂದು ಶುಕ್ರವಾರ ಸಂಜೆ ಬೂಟನ್ನೂ ಬಿಚ್ಚದೆ ಒಳಗೆ ಬಂದ ನಿಜಗುಣನ ಮುಖ ಹಬ್ಬದ ಮನೆಯಂತಿತ್ತು. “ಆತು, ನ್ಯಾಯ ಆತು. ಕೇಳ್ರಿಲ್ಲಿ ಇಬ್ರೂ. ಕ್ಲೀವ್‌ಲೆಂಡ್ ಊರವರು ಕೋರ್ಟಿಗೆ ಹೋಗಿದ್ರಲ್ಲ, ರಾಜಿ ಆತು. ಯಜಮಾನ ಹೋಗಲಿ, ಆಟಗಾರರ್ನ ಕರಕೊಂಡು ಹೋಗಲಿ. ಆದ್ರ ಹೆಸರು ಇಲ್ಲೇ ಇರ್ತೈತಿ. ಬಣ್ಣ ಇಲ್ಲೇ. ಐವತ್ತು ವರ್ಷದ್ದು ಗೆದ್ದದ್ದು ಸೋತದ್ದು ಎಲ್ಲಾ ದಾಖಲಿ ಇಲ್ಲೇ. ಅಂವಾ ಅಲ್ಲಿ ಹೋಗಿ ಬ್ಯಾರೆ ಹೆಸರಿಟ್ಕೊಂಡು ಒಂದರಿಂದ ಶುರು ಮಾಡ್ಬೇಕು. ಹೊಸಾ ತಂಡ ಕಟ್ಟಿ ಇವರಿಗೆ ಹೊಳ್ಳಿ ಕೊಡ್ತಾರಂತ.”

ಅಕ್ಷರಾ ನೆಲದ ಮೇಲೆ ಕೂತು ಶಾಲೆಯ ಪ್ರಾಜೆಕ್ಟಿಗೆ ಕಿತ್ತಳೆ ಕಾಗದ ಕತ್ತರಿಸುತ್ತಿದ್ದಳು. ಅಪ್ಪ ಮೂರು ತಿಂಗಳು ತಲೆ ತಿಂದ ಫಲವಾಗಿ ಅವಳ ಪ್ರಾಜೆಕ್ಟಿನ ವಿಷಯವೂ ಅದೇ ತಂಡದ ಇತಿಹಾಸ. ಆದರೆ ಅವಳು ತಲೆ ಎತ್ತಲಿಲ್ಲ. ಗಿರಿಜಾ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು.

“ಪಿಕರಿಂಗಿಂದ ಫೋನ್ ಬಂದಿತ್ತು,” ಎಂದಳು. “ಮಾರ್ಚ್ ಎರಡನೇ ತಾರೀಕಿಗೆ ಬಂದು ಚಾವಿ ತಗೊಂಡು ಹೋಗ್ಬೇಕಂತ. ಈಕಿನೇ ಫೋನ್ ಎತ್ತಿದ್ಲು.”

ನಿಜಗುಣ ಬಗ್ಗಿ ಬೂಟಿನ ಲೇಸು ಹುಡುಕತೊಡಗಿದ. “ನಿನಗ ಹೇಳಾಂವ ಇದ್ದೆ.”

“ಯಾವಾಗ? ಟ್ರಕ್ಕು ಬಂದು ಬಾಗಲಾಗ ನಿಂತ ಮ್ಯಾಲೆ?”

“ಅಲ್ಲ ಗಿರಿಜಾ, ಈ ಮನಿ ನಮಗ ಆಗಿಬಂದಿಲ್ಲ. ನೀನ ನೋಡು, ನನ್ನ ಸೊಂಟ ಹೋಗಿದ್ದು ಈ ಮನಿಗೆ ಬಂದ ಮ್ಯಾಲೆ.”

“ನಿಮ್ಮ ಸೊಂಟ ಹೋಗಿದ್ದು ಬಫೆಲೋದಾಗ.”

“ಕೆರಿ ಕಾಣ್ತೈತಿ ಅಲ್ಲಿ. ಮುಂಜಾನೆ ಎದ್ರ ಹಂಗ ಬೆಳ್ಳಗ...”

ಕತ್ತರಿ ಕೆಳಗಿಟ್ಟ ಸದ್ದಾಯಿತು.

“ಹೇಳಲಾರದ ಕೇಳಲಾರದ ಹೊಂಟ್ರ ಹೆಂಗ, ಅಪ್ಪಾ?”

ಅಪ್ಪಟ ಹುಬ್ಬಳ್ಳಿಯ ಮಾತು. ಯಾರ ಬಾಯಿಂದ ಬಂತೆಂದು ನಿಜಗುಣ ಒಂದು ಕ್ಷಣ ಕೋಣೆಯ ಸುತ್ತ ನೋಡಿದ. ಅಕ್ಷರಾ ಎದ್ದು ನಿಂತಿದ್ದಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. “ನೀನು ಹೋಗು. ಯೂ ಕ್ಯಾನ್ ಗೋ. ಹೆಸರು ಇಲ್ಲೇ ಇರಲಿ. ನನ್ನ ಪರ್ಪಲ್ ಗೋಡಿ ಇಲ್ಲೇ ಇರಲಿ. ಆ ಡೋರ್ ಮ್ಯಾಲಿನ ರೆಕಾರ್ಡ್ಸ್ ಇಲ್ಲೇ ಇರಲಿ. ಇಟ್ಸ್ ಫೇರ್. ನೀನೇ ಹೇಳಿದ್ದಿ.”

ನಿಜಗುಣ ನಕ್ಕುಬಿಟ್ಟ. ಬೇರೇನು ಮಾಡುವುದೆಂದು ತೋಚಲಿಲ್ಲ. “ನೋಡಿದೇನ ನಿನ್ನ ಮಗಳ್ನ? ಸೀದಾ ವಕೀಲಕಿ,” ಎಂದು ಹೆಂಡತಿಯ ಮುಖ ನೋಡಿದ. ಗಿರಿಜಾ ನಗಲಿಲ್ಲ.

“ಆಕಿ ಹೇಳಿದ್ದು ಕೇಳಿಸ್ತಲ್ಲ,” ಎಂದಳು. “ಎಂಟು ಮನ್ಯಾಗ ಹಾಲು ಉಕ್ಕಿಸೀನಿ. ಒಂಬತ್ತನೇದ್ದಕ್ಕ ನಾ ಬರಂಗಿಲ್ಲ.”

ಮುಂದಿನ ಮೂರು ವಾರ ಮನೆಯಲ್ಲಿ ಜಗಳವೇ ಆಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಬಟ್ಟೆ ಇಸ್ತ್ರಿಯಾಗುತ್ತಿತ್ತು, ಆದರೆ ಯಾರೂ ಒಂದು ಡಬ್ಬಿ ಕಟ್ಟಲಿಲ್ಲ. ನಿಜಗುಣ ಗೋದಾಮಿನಿಂದ ಖಾಲಿ ಡಬ್ಬಿಗಳನ್ನು ತಂದು ನಡುಮನೆಯಲ್ಲಿ ಒಟ್ಟಿದ. ಅವು ಅಲ್ಲೇ ಇದ್ದವು, ತಾಯಿ ಮಗಳು ಅವನ್ನು ಸುತ್ತಿ ಬಳಸಿ ಓಡಾಡಿದರು. ಅವನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಟೀವಿ ಹಾಕುವುದು, ಆರಿಸುವುದು, ಕಿಟಕಿಗೆ ಹೋಗುವುದು, ಬರುವುದು. ಆ ದಿನ ಬಂದರೆ ತಾವಾಗಿಯೇ ಹೊರಡುತ್ತಾರೆ, ಪ್ರತಿ ಸಲವೂ ಮೊದಲು ಮುನಿದೇ ಅಲ್ಲವೇ ಹೊರಟದ್ದು ಎಂದು ತನಗೆ ತಾನೇ ಹೇಳಿಕೊಂಡ. ಒಳಗೆ ಮಾತ್ರ ಹೆದರಿಕೆ ಹತ್ತಿತ್ತು.

ಮಾರ್ಚ್ ಎರಡು, ಶನಿವಾರ. ಬಾಡಿಗೆ ಟ್ರಕ್ಕು ಬಂದು ನಿಂತಿತು. ಸಾಮಾನು ಎತ್ತಲು ಬಂದ ಉಮಾಶಂಕರ ಮನೆಯೊಳಗೆ ಕಣ್ಣಾಡಿಸಿ, “ಏನೂ ಕಟ್ಟೇ ಇಲ್ಲಲೋ,” ಎಂದು ಗಿರಿಜಾಳ ಮುಖ ನೋಡಿದವನು ಮೆಲ್ಲಗೆ ಹೊರಗೆ ಹೋಗಿ ಟ್ರಕ್ಕಿಗೆ ಒರಗಿ ನಿಂತ. ದೇವರ ಜಗಲಿಯಲ್ಲಿ ದೀಪ ಉರಿಯುತ್ತಿತ್ತು. ಕುಕ್ಕರು ಕೂಗುತ್ತಿತ್ತು. ಅಕ್ಷರಾ ತನ್ನ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ನಿಜಗುಣ ತನ್ನ ಬಟ್ಟೆಯ ಸೂಟ್‌ಕೇಸು, ಒಂದು ಹಾಸಿಗೆ, ರೇಡಿಯೋ ಮತ್ತು ಆ ನಾಲ್ಕು ಹಳೆಯ ಡಬ್ಬಿಗಳನ್ನು ಏರಿಸಿದ. ಅಷ್ಟೇ ಆಯಿತು. ಇಷ್ಟು ದೊಡ್ಡ ಟ್ರಕ್ಕಿನಲ್ಲಿ ಅವು ಒಂದು ಮೂಲೆಗೂ ಸಾಲಲಿಲ್ಲ.

“ಆ ಬೋಗುಣಿ ಆದ್ರೂ ಕೊಡು,” ಎಂದ ಬಾಗಿಲಲ್ಲಿ ನಿಂತು.

“ಅದು ಇಲ್ಲೀದು.”

ಈಗ ಒಂದು ಮಾತು ಅಂದಿದ್ದರೆ ಎಲ್ಲ ಮುಗಿಯುತ್ತಿತ್ತು, ಅದು ಅವನಿಗೂ ಗೊತ್ತಿತ್ತು. ಆದರೆ ಹೊರಟ ಕಾಲನ್ನು ಹಿಂದೆ ಇಡುವುದು ಅವನಿಗೆ ಜನ್ಮದಲ್ಲಿ ಅಭ್ಯಾಸವಿರಲಿಲ್ಲ. ಟೋಪಿಯನ್ನು ಕಿವಿಯವರೆಗೂ ಎಳೆದುಕೊಂಡು ಹೊರಟುಬಿಟ್ಟ.

ಪಿಕರಿಂಗಿನ ಮನೆಯ ಕಿಟಕಿಯಿಂದ ಕೆರೆ ಕಾಣುತ್ತಿತ್ತು, ಸುಳ್ಳಲ್ಲ. ಅದರ ಪಕ್ಕದಲ್ಲಿ ಅಣುಸ್ಥಾವರದ ಬೋಳು ಗುಮ್ಮಟಗಳೂ ಕಾಣುತ್ತಿದ್ದವು. ಹತ್ತು ನಿಮಿಷದಲ್ಲಿ ಸಾಮಾನು ಇಳಿಸಿ ಮುಗಿದು, ಉಮಾಶಂಕರ ಟ್ರಕ್ಕು ತಿರುಗಿಸಿ ಒಪ್ಪಿಸಲು ಹೋದ. ತನ್ನ ಕಾರಿನಲ್ಲಿ ಹಿಂದೆಯೇ ಬಂದಿದ್ದ ನಿಜಗುಣ ಮೂಲೆಯ ಅಂಗಡಿಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲದ ಹಾಲು, ಒಂದು ಅಗ್ಗದ ಹಿಡಿಕೆ ಪಾತ್ರೆ ತಂದ. ಹಾಲು ಉಕ್ಕಿಸದೆ ಮನೆಯೊಳಗೆ ನೀರು ಕುಡಿಯಬಾರದು. ಕತ್ತರಿ ಇರಲಿಲ್ಲ, ಹೊಸ ಮನೆಯ ಚಾವಿಯಿಂದಲೇ ಚೀಲದ ಮೂಲೆ ಹರಿದು ಹಾಲು ಸುರಿದು ಒಲೆಯ ಮೇಲಿಟ್ಟ. ಕುಂಕುಮ ಇರಲಿಲ್ಲ.

ಕೈಮುಗಿದು ನಿಂತ. ಹಾಲು ಸುಮ್ಮನಿತ್ತು. ಎಂಟು ಮನೆಗಳಲ್ಲೂ ಹಾಲು ಉಕ್ಕುವ ಹೊತ್ತಿಗೆ ಅವನು ಹೊರಗೆ, ಸೋಫಾವನ್ನು ಬಾಗಿಲೊಳಗೆ ಹೇಗೆ ಹೊರಳಿಸುವುದೆಂದು ಒದ್ದಾಡುತ್ತಿದ್ದ. ಇದಕ್ಕೆ ಇಷ್ಟು ಹೊತ್ತು ಹಿಡಿಯುತ್ತದೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಒಂದು ನಿಮಿಷ ನಿಂತ, ಎರಡು ನಿಮಿಷ ನಿಂತ. ಅಷ್ಟರಲ್ಲಿ ಕಾಲು ಹೋಗಿ ಕಿಟಕಿಯ ಚಿಲಕ ನೋಡಿ ಬರೋಣ ಎಂದಿತು. ಚಿಲಕ ನೋಡಿ, ಮಹಡಿಯ ಕೋಣೆ ನೋಡಿ, ಅಕ್ಷರಾಳ ಮಂಚ ಯಾವ ಗೋಡೆಗೆ ಹಾಕುವುದೆಂದು ಯೋಚಿಸುತ್ತ ನಿಂತಿದ್ದಾಗ ಕೆಳಗೆ ಅಲಾರ್ಮು ಚೀರಿಕೊಂಡಿತು.

ಓಡಿ ಬಂದರೆ ಅಡುಗೆಮನೆಯ ತುಂಬ ಹೊಗೆ, ಒಲೆಯ ಮೇಲೆಲ್ಲ ಕರಕಲಾದ ಹಾಲು. ಒಲೆ ಆರಿಸಿದರೂ ಅಲಾರ್ಮು ನಿಲ್ಲಲಿಲ್ಲ. “ಅವ್ವೀ, ಟವೆಲ್ಲು,” ಎಂದು ಮಗಳನ್ನು ಕೂಗಿಯೇಬಿಟ್ಟ. ಬಾಯಿಂದ ಹೊರಟ ಮೇಲೆ ಆ ಖಾಲಿ ಮನೆಯಲ್ಲಿ ಅವನಿಗೇ ನಾಚಿಕೆಯಾಯಿತು. ಕುರ್ಚಿ ಇರಲಿಲ್ಲ. ಹಳೆಯ ಡಬ್ಬಿಯೊಂದನ್ನು ಎಳೆದು ತಂದು ಹತ್ತಿದ. ಏಳು ವರ್ಷ ಒಂದರ ಮೇಲೊಂದು ಕೂತು ಹಣ್ಣಾದ ರಟ್ಟು, ಅವನ ಭಾರಕ್ಕೆ ಕುಸಿದು ಬಾಯಿಬಿಟ್ಟಿತು. ಒಳಗೆ ಬಟ್ಟೆ. ಎಳೆದ. ಹಳದಿ ಹೂವಿನ ಪರದೆ. ಎಟೋಬಿಕೋಕಿನ ಮೊದಲ ಮನೆಯ ಕಿಟಕಿಗೆಂದು, ಇನ್ನೂ ಮಷಿನ್ನಿಲ್ಲದ ಕಾಲದಲ್ಲಿ, ಗಿರಿಜಾ ಕೈಯಲ್ಲಿ ಹೊಲಿದದ್ದು. ಹೊಲಿಗೆ ಮುಗಿಯುವುದರೊಳಗೆ ಮನೆ ಬಿಟ್ಟಿದ್ದರು. ಮುಂದಿನ ಮನೆಗೆ ಹಾಕಿದರಾಯಿತು ಎಂದು ಅಂದು ಅವನೇ ಹೇಳಿ ಡಬ್ಬಿಗೆ ಟೇಪು ಎಳೆದಿದ್ದ.

ಆ ಪರದೆಯನ್ನೇ ಬೀಸಿದ. ಕುಸಿದ ಡಬ್ಬಿಯ ಮೇಲೆ ಒಂಟಿಕಾಲಲ್ಲಿ ನಿಂತು, ಟೋಪಿ ಜಾರಿ ಕಣ್ಣಿಗೆ ಬಿದ್ದರೂ ಬೀಸಿದ. ಕೊನೆಗೆ ಅಲಾರ್ಮು ನಿಂತಾಗ ಮನೆಯಲ್ಲಿ ಎಂಥ ಮೌನ ಬಂತೆಂದರೆ, ಅವನು ಅದನ್ನು ತಡೆಯಲಾರದೆ ಇನ್ನೂ ಎರಡು ಸಲ ಬೀಸಿದ.

ನಾನೂರಾ ಒಂದನೆಯ ಹೆದ್ದಾರಿಯಲ್ಲಿ ಆ ಮಧ್ಯಾಹ್ನ ಒಂದು ನೀಲಿ ಕಾರು ಬಲಗಡೆಯ ಲೇನು ಹಿಡಿದು ಆಮೆಯಂತೆ ಪಡುವಣಕ್ಕೆ ತೆವಳುತ್ತಿತ್ತು. ಹಿಂದಿನವರು ಹಾರ್ನು ಹೊಡೆದು ಬೈದು ದಾಟಿಹೋದರು. ಪಕ್ಕದ ಸೀಟಿನಲ್ಲಿ, ಅಕ್ಷರಾ ಕೂರುವ ಕಡೆ, ಅರ್ಧ ಪಾತ್ರೆ ಹಾಲು. ಸುತ್ತ ಪರದೆ ಸುತ್ತಿ, ಮೇಲೆ ಸೀಟ್ ಬೆಲ್ಟು ಕಟ್ಟಿದ್ದ. ಹಾಲು ತುಳುಕಿದಾಗಲೆಲ್ಲ ನಿಜಗುಣ ಎಡಗೈಯಲ್ಲಿ ಸ್ಟಿಯರಿಂಗು ಹಿಡಿದು ಬಲಗೈಯನ್ನು ಪಾತ್ರೆಯ ಮೇಲಿಡುತ್ತಿದ್ದ.

ಬ್ರ್ಯಾಂಪ್ಟನ್ನಿನ ಮನೆಯ ಚಾವಿ ಜೇಬಿನಲ್ಲಿದ್ದರೂ ಗಂಟೆ ಒತ್ತಿದ. ಅಕ್ಷರಾ ಬಾಗಿಲು ತೆರೆದಳು. ಅವನ ಮುಖ ನೋಡಿದಳು, ಮಸಿ ಹಿಡಿದ ಪಾತ್ರೆ ನೋಡಿದಳು.

“ಯಾರವ್ವಾ?” ಎಂದು ಒಳಗಿಂದ ಗಿರಿಜಾ ಕೂಗಿದಳು.

“ಅಪ್ಪ. ಹಾಲು ತಂದಾನ.”

ಗಿರಿಜಾ ಬಂದಳು. ಪರದೆಯ ಹಳದಿ ಹೂವನ್ನು ಬೆರಳಲ್ಲಿ ಹಿಡಿದು ನೋಡಿದಳು.

“ಉಕ್ಕಿತೇನು?” ಎಂದಳು.

“ಉಕ್ಕಿತು. ನಾ ಅಲ್ಲಿ ಇರಲಿಲ್ಲ,” ಎಂದ ನಿಜಗುಣ. “ಸೋಮವಾರ ಅವರಿಗೆ ಫೋನ್ ಮಾಡಿ ಬ್ಯಾಡಂತೀನಿ. ತಪ್ಪಾತು, ಗಿರಿಜಾ.”

ಅವಳು ಮಸಿ ಹಿಡಿದ ಪಾತ್ರೆಯನ್ನು ಅವನ ಕೈಯಿಂದ ಇಸಿದುಕೊಂಡಳು. ಅಡುಗೆಮನೆಗೆ ಹೋಗಿ ಹಿತ್ತಾಳೆಯ ಬೋಗುಣಿ ಇಳಿಸಿ, ಅರಿಶಿನ ಕುಂಕುಮ ಹಚ್ಚಿ, ಫ್ರಿಜ್ಜಿನಿಂದ ಬೇರೆ ಹಾಲು ತೆಗೆದು ಸುರಿದು ಒಲೆಯ ಮೇಲಿಟ್ಟಳು. ವಾಸವಿದ್ದ ಮನೆಯಲ್ಲೇ ಮತ್ತೆ ಹಾಲು ಉಕ್ಕಿಸುವುದನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ.

“ನಿಂದರ್ರಿ ಇಲ್ಲೇ,” ಎಂದಳು. “ಉಕ್ಕೂತನಕ.”

ನಿಜಗುಣ ಟೋಪಿ ತೆಗೆದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಹೆಗಲ ಹತ್ತಿರ ಎರಡು ಪೆನ್ಸಿಲ್ ಗೆರೆ. ಅವನ ಎಡಗಾಲು ಆಗಲೇ ನೆಲದ ಮೇಲೆ ತಾಳ ಹಾಕತೊಡಗಿತ್ತು. ಅಕ್ಷರಾ ಅದನ್ನು ನೋಡಿಯೂ ನೋಡದಂತೆ ಕುರ್ಚಿ ಎಳೆದು ತಂದು ಅಲಾರ್ಮಿನ ಕೆಳಗಿಟ್ಟು ಹತ್ತಿ, ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಸಿದ್ಧವಾಗಿ ನಿಂತಳು. ಹಾಲು ಇನ್ನೂ ಸುಮ್ಮನಿತ್ತು.